ದಸ್ತಗಿರಿ ಎಂಬ ಮಾತು

ನಮ್ಮ ನಗರಗೆರೆ ಹೋಬಳಿಯ ಕಡೆ ಇಬ್ಬರು ಪರಿಚಿತರು ಎದುರಾದರೆ ಮಾತಿಗಿಂತ ಮೊದಲು ಕೈ ಮುಂದಕ್ಕೆ ಬರುತ್ತದೆ. ಹೆಗಲ ಮೇಲೆ ಕೈ ಹಾಕುವುದು, ಮುಂಗೈ ಹಿಡಿದುಕೊಂಡೇ ಅರ್ಧ ಗಂಟೆ ಮಾತನಾಡುವುದು, ಕಿರುಬೆರಳಿಗೆ ಕಿರುಬೆರಳು ಕೊಕ್ಕೆ ಹಾಕಿಕೊಂಡು ಸಂತೆಯ ಉದ್ದಕ್ಕೂ ನಡೆಯುವುದು, ಇವೆಲ್ಲ ಗಂಡಸರ ನಡುವೆ ನಿತ್ಯ ಕಾಣುವ ಸಂಗತಿಗಳು. ಮುದುಕಿಯರು ಮಗುವಿನ ಕೆನ್ನೆ ಸವರಿ ತಮ್ಮ ಹಣೆಯ ಪಕ್ಕಕ್ಕೆ ಬೆರಳೊತ್ತಿ ನೆಟಿಗೆ ಮುರಿಯುತ್ತಾರೆ. ಆಣೆ ಇಡುವವನು ಮಕ್ಕಳ ತಲೆ ಮುಟ್ಟುತ್ತಾನೆ. ಮಾತು ಕೊಡುವವನು ಅಂಗೈ ಮೇಲೆ ಅಂಗೈ ತಟ್ಟುತ್ತಾನೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರು ಇನ್ನೊಂದು ವಿಚಿತ್ರವನ್ನು ಕಂಡಿರಬಹುದು. ಕೊಳ್ಳುವವನೂ ದಲ್ಲಾಳಿಯೂ ಟವಲಿನ ಮರೆಯಲ್ಲಿ ಕೈಗೆ ಕೈ ಸೇರಿಸಿ, ಬೆರಳುಗಳನ್ನು ಹಿಡಿದು, ಒತ್ತಿ, ಬಿಟ್ಟು, ಒಂದು ಜೊತೆ ಎತ್ತಿನ ಬೆಲೆಯನ್ನು ತೀರ್ಮಾನಿಸುತ್ತಾರೆ. ಸುತ್ತ ನಿಂತ ಇಪ್ಪತ್ತು ಮಂದಿಗೆ ಒಂದಕ್ಷರವೂ ತಿಳಿಯುವುದಿಲ್ಲ. ಸ್ಪರ್ಶವೂ ಒಂದು ಭಾಷೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನನಗೆ ಸಿಕ್ಕಿಲ್ಲ.

ಭಾಷೆ ಎಂದ ಮೇಲೆ ಅದನ್ನು ಬಲ್ಲವರೂ ಇರುತ್ತಾರೆ, ಅರಿಯದವರೂ ಇರುತ್ತಾರೆ. ನಗರಗೆರೆ ಇರುವುದು ಗೌರಿಬಿದನೂರು ತಾಲ್ಲೂಕಿನ ಗಡಿಯಲ್ಲಿ. ಆಚೆಗೆ ಆಂಧ್ರದ ಹಿಂದೂಪುರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಎಂಬ ರೀತಿಯಲ್ಲಿ ಬೆಳೆದ ನಮಗೆ ಮಾತು ತಪ್ಪು ತಿಳಿಯುವ ಪ್ರಸಂಗಗಳು ಹೊಸವಲ್ಲ. ಆದರೆ ಮಾತು ತಪ್ಪಾದರೆ ನಕ್ಕು ತಿದ್ದಿಕೊಳ್ಳಬಹುದು. ಕೈ ತಪ್ಪಾದರೆ, ಅದರಲ್ಲಿಯೂ ಎದುರಿಗಿರುವವರು ಪೋಲೀಸಿನವರಾದರೆ, ಅಷ್ಟು ಸುಲಭವಾಗಿ ತಿದ್ದಿಕೊಳ್ಳಲು ಬರುವುದಿಲ್ಲ. ಈ ಲೇಖನದ ವಿಷಯ ಅದೇ.

ಮೊದಲು ಪಂಡಿತರು ಹೇಳಿರುವುದನ್ನು ಸ್ವಲ್ಪ ನೋಡೋಣ. ಸಿಡ್ನಿ ಜೂರಾರ್ಡ್ ಎಂಬ ಮನಶ್ಶಾಸ್ತ್ರಜ್ಞರು ೧೯೬೦ರ ದಶಕದಲ್ಲಿ ನಾಲ್ಕು ಊರುಗಳ ಕಾಫಿ ಅಂಗಡಿಗಳಲ್ಲಿ ಕುಳಿತು, ಮಾತನಾಡುತ್ತಿರುವ ಇಬ್ಬರು ಒಬ್ಬರನ್ನೊಬ್ಬರು ಗಂಟೆಗೆ ಎಷ್ಟು ಸಲ ಮುಟ್ಟುತ್ತಾರೆಂದು ಎಣಿಸಿದರು. ಪೋರ್ಟೊ ರಿಕೊ ದ್ವೀಪದ ಸಾನ್ ಹುವಾನಿನಲ್ಲಿ ೧೮೦ ಸಲ, ಪ್ಯಾರಿಸಿನಲ್ಲಿ ೧೧೦, ಅಮೆರಿಕದ ಫ್ಲಾರಿಡಾ ರಾಜ್ಯದ ಗೇನ್ಸ್‌ವಿಲ್ ಎಂಬ ಊರಿನಲ್ಲಿ ೨, ಲಂಡನ್ನಿನಲ್ಲಿ ಸೊನ್ನೆ. ಎಡ್ವರ್ಡ್ ಹಾಲ್ ಎಂಬ ಇನ್ನೊಬ್ಬ ವಿದ್ವಾಂಸರು ೧೯೬೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಮೆರಿಕನ್ನರು ತಮ್ಮ ಸುತ್ತ ಸುಮಾರು ಒಂದೂವರೆ ಅಡಿಯ ಜಾಗವನ್ನು ತೀರ ಆಪ್ತರಿಗಾಗಿಯೇ ಮೀಸಲಿಟ್ಟುಕೊಂಡಿರುತ್ತಾರೆ ಎಂದು ಬರೆದರು. ಬೆಳಿಗ್ಗೆ ಎಂಟೂವರೆಯ ಬಸ್ಸಿನಲ್ಲಿ ನಗರಗೆರೆಯಿಂದ ಗೌರಿಬಿದನೂರಿಗೆ ಬರುವ ನನ್ನ ಸಹಪಾಠಿಗಳಿಗೆ ಈ ಒಂದೂವರೆ ಅಡಿಯ ಸುದ್ದಿ ಹೇಳಿದಾಗ ಅವರು ನಕ್ಕ ನಗೆಯನ್ನು ಇಲ್ಲಿ ವರ್ಣಿಸಲಾರೆ.

ಹಾಗೆಂದು ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಎಲ್ಲರನ್ನೂ ಮುಟ್ಟುತ್ತಾರೆ ಎಂದು ಹೇಳಿದರೆ ಅದು ಸುಳ್ಳು. ಯಾರು ಯಾರ ಹೆಗಲ ಮೇಲೆ ಕೈ ಹಾಕಬಹುದು ಎಂಬುದನ್ನು ಜಾತಿ, ವಯಸ್ಸು, ಹೆಣ್ಣು-ಗಂಡು ಎಂಬ ಭೇದ ಇವು ಮೊದಲೇ ಬರೆದಿಟ್ಟಿವೆ. ಕಿರುಬೆರಳು ಕೊಕ್ಕೆ ಹಾಕಿಕೊಂಡು ನಡೆಯುವವರು ಹೆಚ್ಚಾಗಿ ಒಂದೇ ಕೇರಿಯವರು. ಪಕ್ಕದ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ೨೦೨೨ರ ಸೆಪ್ಟೆಂಬರಿನಲ್ಲಿ, ಊರ ದೇವರ ಉತ್ಸವದ ಕಂಬವೊಂದನ್ನು ಮುಟ್ಟಿದನೆಂಬ ಕಾರಣಕ್ಕೆ ಪರಿಶಿಷ್ಟ ಜಾತಿಯ ಬಾಲಕನ ಮನೆಯವರಿಗೆ ಊರಿನವರು ೬೦,೦೦೦ ರೂಪಾಯಿ ದಂಡ ಹಾಕಿದರು. ವಿಷಯ ಪೋಲೀಸರ ವರೆಗೆ ಹೋಗಿ ಮೊಕದ್ದಮೆ ದಾಖಲಾಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಊರಿನ ಲೆಕ್ಕದಲ್ಲಿ ಮುಟ್ಟಿದ್ದು ಅಪರಾಧ. ಸಂವಿಧಾನದ ೧೭ನೆಯ ವಿಧಿಯ ಪ್ರಕಾರ, ೧೯೫೫ರ ಅಸ್ಪೃಶ್ಯತಾ ಕಾಯಿದೆಯ ಪ್ರಕಾರ, ಮುಟ್ಟಬಾರದೆಂದದ್ದೇ ಅಪರಾಧ. ಒಂದೇ ಸ್ಪರ್ಶಕ್ಕೆ ಎರಡು ಶಾಸ್ತ್ರಗಳು ಎರಡು ತೀರ್ಪು ಕೊಡುತ್ತವೆ. ಯಾವ ಶಾಸ್ತ್ರ ನಡೆಯಬೇಕೆಂಬುದು ಠಾಣೆಯ ಮೆಟ್ಟಿಲು ಹತ್ತುವ ಧೈರ್ಯ ಯಾರಿಗೆ ಉಂಟು ಎಂಬುದರ ಮೇಲೆ ನಿಂತಿರುತ್ತದೆ.

ಇನ್ನು ‘ದಸ್ತಗಿರಿ’ಗೆ ಬರೋಣ. ಇದು ನಮ್ಮ ಕಚೇರಿಗಳಿಗೆ ಪಾರಸಿಯಿಂದ ಬಂದ ಮಾತು. ದಸ್ತ್ ಎಂದರೆ ಕೈ; ಗೀರ್ ಎಂದರೆ ಹಿಡಿಯುವ. ಪೋಲೀಸಿನವರು ಒಬ್ಬನನ್ನು ದಸ್ತಗಿರಿ ಮಾಡಿದರು ಎಂದರೆ ಅಕ್ಷರಶಃ ಅವನ ಕೈ ಹಿಡಿದರು ಎಂದರ್ಥ. ಆದರೆ ಅದೇ ಪಾರಸಿಯಲ್ಲಿ ದಸ್ತಗೀರ್ ಎಂಬುದಕ್ಕೆ ಕೈ ಹಿಡಿದು ಮೇಲೆತ್ತುವವನು, ಆಪದ್ಬಾಂಧವ ಎಂಬ ಅರ್ಥವೂ ಇದೆ. ಸೂಫಿ ಸಂತ ಅಬ್ದುಲ್ ಖಾದಿರ್ ಜೀಲಾನಿಯವರನ್ನು ಪೀರ್ ದಸ್ತಗೀರ್ ಎನ್ನುವುದು ಈ ಅರ್ಥದಲ್ಲಿಯೇ. ನಮ್ಮ ಸೀಮೆಯಲ್ಲಿ ದಸ್ತಗೀರ್ ಎಂಬ ಹೆಸರಿನವರು ಊರಿಗೊಬ್ಬರಾದರೂ ಸಿಕ್ಕುತ್ತಾರೆ. ಕನ್ನಡವೇನು ಕಡಿಮೆಯೆ? ಕೈಹಿಡಿದವನು ಎಂದರೆ ಗಂಡ. ಕಷ್ಟದಲ್ಲಿ ಕೈಹಿಡಿದವನು ಎಂದರೆ ಉಪಕಾರಿ. ಕೈಸೆರೆ ಎಂದರೆ ಬಂಧನ. ಕೈ ಮಾಡಿದ ಎಂದರೆ ಹೊಡೆದ. ಒಂದು ಕೈ ಇಷ್ಟೆಲ್ಲ ಆಗಬಲ್ಲುದಾದರೆ, ರಸ್ತೆಯ ಬದಿಯಲ್ಲಿ ಒಬ್ಬರ ಕೈ ಇನ್ನೊಬ್ಬರ ಮೈಮೇಲೆ ಬಿದ್ದಾಗ ಅದು ಇವುಗಳಲ್ಲಿ ಯಾವುದು ಎಂದು ಕ್ಷಣಾರ್ಧದಲ್ಲಿ ತಿಳಿಯುವುದು ಹೇಗೆ?

ಕಾನೂನು ಈ ಪ್ರಶ್ನೆಗೆ ಉತ್ತರ ಕೊಡಲು ಬಹಳ ಕಾಲದಿಂದ ಯತ್ನಿಸಿದೆ. ೧೮೯೮ರ ಅಪರಾಧ ಪ್ರಕ್ರಿಯಾ ಸಂಹಿತೆಯಲ್ಲಿಯೂ ೧೯೭೩ರ ಸಂಹಿತೆಯಲ್ಲಿಯೂ ೪೬ನೆಯ ಕಲಮು ದಸ್ತಗಿರಿ ಮಾಡುವ ಬಗೆಯನ್ನು ಹೇಳುತ್ತಿತ್ತು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ವಿಷಯ ೪೩ನೆಯ ಕಲಮಿನಲ್ಲಿದೆ. ಅದರ ತಾತ್ಪರ್ಯವಿಷ್ಟು: ಪೋಲೀಸು ಅಧಿಕಾರಿಯು ದಸ್ತಗಿರಿ ಮಾಡತಕ್ಕವನ ಮೈಯನ್ನು ನಿಜವಾಗಿ ಮುಟ್ಟಬೇಕು ಅಥವಾ ಅವನನ್ನು ತಡೆದಿಡಬೇಕು; ಆದರೆ ಅವನು ಮಾತಿನಿಂದಲೋ ನಡೆಯಿಂದಲೋ ತಾನೇ ಒಪ್ಪಿಸಿಕೊಂಡರೆ ಮುಟ್ಟುವ ಅಗತ್ಯವಿಲ್ಲ. ಎಂದರೆ ನಮ್ಮ ದೇಶದ ಕಾನೂನಿನಲ್ಲಿ ಸ್ಪರ್ಶವೆಂಬುದು ದಸ್ತಗಿರಿಯ ಒಂದು ಲಕ್ಷಣ. ‘ಬರುತ್ತೇನೆ ನಡೆಯಿರಿ’ ಎಂದವನ ಕತ್ತಿನ ಪಟ್ಟಿಗೆ ಕೈ ಹಾಕುವುದಕ್ಕೆ ಈ ಕಲಮಿನಲ್ಲಿ ಆಧಾರವಿಲ್ಲ. ಕತ್ತಿನ ಪಟ್ಟಿ ಹಿಡಿಯುವುದು ಯಾರದ್ದು, ಮೊಳಕೈ ಮೃದುವಾಗಿ ಹಿಡಿದು ಜೀಪು ಹತ್ತಿಸುವುದು ಯಾರನ್ನು ಎಂಬುದನ್ನು ಕಂಡವರು ಕಂಡಿದ್ದಾರೆ. ಹೊಲವಿಲ್ಲದವನಿಗೆ ಒಂದು ಬಗೆಯ ಕೈ, ಹತ್ತೆಕರೆ ದ್ರಾಕ್ಷಿ ತೋಟವಿರುವವನಿಗೆ ಇನ್ನೊಂದು ಬಗೆಯದು.

ಈ ನಿಯಮದ ಮೂಲ ಇಂಗ್ಲೆಂಡಿನಲ್ಲಿದೆ. ಅಲ್ಲಿ ೧೭೦೪ರಲ್ಲಿ ನಡೆದ ಒಂದು ಮೊಕದ್ದಮೆ ಓದಲು ನಾಟಕದಂತಿದೆ. ನ್ಯಾಯಾಲಯದ ಅಮೀನನೊಬ್ಬ ವಾರಂಟು ಹಿಡಿದು ಹೋಗಿ ‘ನಿನ್ನನ್ನು ಹಿಡಿದಿದ್ದೇನೆ’ ಎಂದನಂತೆ. ಆ ಮನುಷ್ಯ ಕೈಯಲ್ಲಿದ್ದ ಕವಲುಗೋಲನ್ನು ಮುಂದೆ ಹಿಡಿದು, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಮನೆಯೊಳಗೆ ಸೇರಿಕೊಂಡನಂತೆ. ಬರಿಯ ಮಾತಿನಿಂದ ದಸ್ತಗಿರಿಯಾಗಲಿಲ್ಲ. ಬೆರಳ ತುದಿಯಿಂದ ಮುಟ್ಟಿದ್ದರೂ ಆಗುತ್ತಿತ್ತು ಎಂದು ನ್ಯಾಯಾಧೀಶರು ಹೇಳಿದರು. ಅದೇ ಇಂಗ್ಲೆಂಡಿನಲ್ಲಿ ೧೯೮೪ರ ಇನ್ನೊಂದು ತೀರ್ಪು ನಮಗೆ ಹೆಚ್ಚು ಉಪಯುಕ್ತ. ಪೋಲೀಸು ಮಹಿಳೆಯೊಬ್ಬರು ರಸ್ತೆಯಲ್ಲಿ ಒಬ್ಬಾಕೆಯನ್ನು ಪ್ರಶ್ನಿಸಹೋದರು, ಆಕೆ ನಿಲ್ಲದೆ ನಡೆದಳು, ಇವರು ಆಕೆಯ ತೋಳು ಹಿಡಿದರು, ಆಕೆ ಪರಚಿದಳು. ಪೋಲೀಸಿನವರ ಮೇಲೆ ಹಲ್ಲೆ ಮಾಡಿದಳೆಂದು ಆಕೆಗೆ ಕೆಳಗಿನ ನ್ಯಾಯಾಲಯದಲ್ಲಿ ಶಿಕ್ಷೆಯಾಯಿತು. ಮೇಲಿನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಜನಸಂದಣಿಯಲ್ಲಿ ಮೈ ತಗಲುವುದು, ಗಮನ ಸೆಳೆಯಲು ಹೆಗಲು ತಟ್ಟುವುದು, ಇವು ನಿತ್ಯಜೀವನದಲ್ಲಿ ಎಲ್ಲರೂ ಒಪ್ಪಿರುವ ಸ್ಪರ್ಶಗಳು; ಪೋಲೀಸಿನವರೂ ಅಷ್ಟನ್ನು ಮಾಡಬಹುದು. ಆದರೆ ದಸ್ತಗಿರಿ ಮಾಡುವ ಉದ್ದೇಶವಿಲ್ಲದೆ ತೋಳು ಹಿಡಿದು ನಿಲ್ಲಿಸುವುದು ಆ ಮೇರೆಯನ್ನು ದಾಟಿತು ಎಂದು ತೀರ್ಪಾಯಿತು. ತಟ್ಟುವುದಕ್ಕೂ ಹಿಡಿಯುವುದಕ್ಕೂ ನಡುವೆ ಇಂಗ್ಲಿಷರು ಒಂದು ಗೆರೆ ಎಳೆದರು. ಮುಂಗೈ ಹಿಡಿದುಕೊಂಡೇ ಕುಶಲ ಕೇಳುವ ನಮ್ಮ ಕಡೆ ಆ ಗೆರೆಯನ್ನು ಎಲ್ಲಿ ಎಳೆಯುವುದೋ ನನಗೆ ತಿಳಿಯದು.

ಈಗ ನಾನು ಕಣ್ಣಾರೆ ಕಂಡ ಒಂದು ಪ್ರಸಂಗ. ಹೋಬಳಿಯ ಒಂದು ಹಳ್ಳಿಯ ಜಾತ್ರೆಯ ಸಂಜೆ, ಇಸ್ಪೀಟು ಆಡುತ್ತಿದ್ದ ಹುಡುಗರನ್ನು ಪೋಲೀಸಿನವರು ಹಿಡಿದು ಜೀಪಿನ ಬಳಿ ನಿಲ್ಲಿಸಿದ್ದರು. ಸಬ್ ಇನ್‌ಸ್ಪೆಕ್ಟರು ಹೊಸಬರು, ಉತ್ತರ ಕರ್ನಾಟಕದ ಕಡೆಯವರು. ಹುಡುಗರಲ್ಲೊಬ್ಬನ ಅಜ್ಜಿ ಜನರನ್ನು ಸೀಳಿಕೊಂಡು ಬಂದವಳೇ ನೇರವಾಗಿ ಸಬ್ ಇನ್‌ಸ್ಪೆಕ್ಟರ ಗಡ್ಡಕ್ಕೆ ಕೈ ಹಾಕಿದಳು.

“ನಾ ಮನವಡ್ನಿ ಇಡ್ಸಿಪೆಟ್ಟು ನಾಯನಾ,” ಎಂದಳು. ನನ್ನ ಮೊಮ್ಮಗನನ್ನು ಬಿಟ್ಟುಬಿಡಪ್ಪ ಎಂದರ್ಥ.

ಅವರು ಬೆಚ್ಚಿ ಹಿಂದಕ್ಕೆ ಸರಿದರು, ಮುಖ ಕೆಂಪಾಯಿತು, ಪಕ್ಕದಲ್ಲಿದ್ದ ಹುಡುಗ ಕಾನೆಸ್ಟೇಬಲ್ ಲಾಠಿ ಎತ್ತಿಯೇಬಿಟ್ಟ. ಅಷ್ಟರಲ್ಲಿ ವಯಸ್ಸಾದ ಹೆಡ್ ಕಾನೆಸ್ಟೇಬಲ್ ಒಬ್ಬರು, ನಮ್ಮ ಸೀಮೆಯವರೇ, ನಡುವೆ ಬಂದರು.

“ಹೊಡೀತಾ ಇಲ್ಲ ಸಾರ್, ಬೇಡ್ಕೊಳ್ತಾ ಇದಾಳೆ. ನಮ್ ಕಡೆ ಹೆಂಗಸ್ರು ಹಿಂಗೇ ಗಡ್ಡ ಹಿಡಿದು ಬೇಡ್ಕೊಳ್ಳೋದು. ಕಾಲಿಗೆ ಬಿದ್ದಂಗೇ ಲೆಕ್ಕ ಸಾರ್.”

ಸಬ್ ಇನ್‌ಸ್ಪೆಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಿಂಗ ಬ್ಯಾರೇ ಎಲ್ಲ್ಯೂ ಕಂಡಿಲ್ರೀ ನಾ,” ಎಂದರು. ಅಜ್ಜಿಗೆ ಅವರ ಕನ್ನಡ ತಿಳಿಯಲಿಲ್ಲ. ಹುಡುಗರ ಮೇಲೆ ಕೇಸು ಆಯಿತು, ಅದು ಬೇರೆ ಮಾತು. ಅಜ್ಜಿಯ ಮೈಮೇಲೆ ಏಟು ಬೀಳಲಿಲ್ಲ. ಕಾನೂನಿನ ಪುಸ್ತಕವನ್ನು ತೆರೆದು ನೋಡಿದರೆ, ಸರ್ಕಾರಿ ನೌಕರನನ್ನು ಕರ್ತವ್ಯದಿಂದ ತಡೆಯಲು ಬಲಪ್ರಯೋಗ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ ೧೩೨ನೆಯ ಕಲಮಿನ ಅಪರಾಧ; ಹಳೆಯ ದಂಡ ಸಂಹಿತೆಯಲ್ಲಿ ಅದು ೩೫೩ನೆಯದಾಗಿತ್ತು. ಆದರೆ ಯಾವ ಸ್ಪರ್ಶ ಅಪರಾಧವೆನಿಸುವ ಬಲಪ್ರಯೋಗ ಎಂಬುದಕ್ಕೂ ಅದೇ ಸಂಹಿತೆಯಲ್ಲಿ ವಿವರಣೆಯಿದೆ: ಎದುರಿನವರ ಒಪ್ಪಿಗೆಯಿಲ್ಲದೆ, ಒಂದು ಅಪರಾಧವನ್ನು ಮಾಡಲೆಂದೋ, ಅವರಿಗೆ ನೋವು, ಭಯ ಅಥವಾ ಕಿರುಕುಳ ಉಂಟಾಗಲೆಂದೋ ಬುದ್ಧಿಪೂರ್ವಕವಾಗಿ ಮಾಡಿದ್ದಾಗಿರಬೇಕು. ಎಂದರೆ ಕೈಯ ಹಿಂದಿರುವ ಮನಸ್ಸನ್ನು ಓದಬೇಕು. ಮನಸ್ಸನ್ನು ಓದಲು ಆ ಸೀಮೆಯ ಕೈಯ ಭಾಷೆ ತಿಳಿದಿರಬೇಕು. ಆ ದಿನ ಆ ಹೆಡ್ ಕಾನೆಸ್ಟೇಬಲರು ಮಾಡಿದ ಭಾಷಾಂತರವನ್ನು ಯಾವ ವಿಶ್ವವಿದ್ಯಾನಿಲಯವೂ ಕಲಿಸುವುದಿಲ್ಲ.

ಎಲ್ಲ ಕಡೆಯೂ ಅಂಥವರು ಇರುವುದಿಲ್ಲ. ನನ್ನ ಚಿಕ್ಕಪ್ಪನವರು ಮಗುವಿಗೆ ಜ್ವರವೆಂದು ರಾತ್ರಿ ಮೋಟಾರು ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ದಾರಿಯಲ್ಲಿ ತಪಾಸಣೆಗೆ ನಿಲ್ಲಿಸಿದರು. ಯಾವ ಠಾಣೆಯವರೆಂಬುದು ಇಲ್ಲಿ ಬೇಡ. ಚಿಕ್ಕಪ್ಪ ಗಾಡಿಯಿಂದಿಳಿದು, ಹೆಗಲ ವಲ್ಲಿಯನ್ನು ಕಂಕುಳಿಗೆ ಸೇರಿಸಿ, ಕಾನೆಸ್ಟೇಬಲರ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು “ಸಾಮಿ, ಮಗೂಗೆ ಜ್ವರ” ಎಂದರು. “ಕೈ ಬಿಡಯ್ಯಾ, ಮೈಮೇಲೆ ಬರ್ತೀಯಾ?” ಎಂದು ಗದರಿ ಅವರು ಚಿಕ್ಕಪ್ಪನ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿದರು. ಬಿದ್ದು ಪೆಟ್ಟಾಗಲಿಲ್ಲ, ಐದು ನಿಮಿಷದಲ್ಲಿ ಬಿಟ್ಟೂ ಬಿಟ್ಟರು. ಆದರೆ ಹೆಂಡತಿ ಮಕ್ಕಳೆದುರಿಗೆ ಎದೆಗೆ ಕೈಯಿಟ್ಟು ತಳ್ಳಿಸಿಕೊಂಡದ್ದು ಆತನ ಮನಸ್ಸಿನಲ್ಲಿ ಮುಳ್ಳಾಗಿ ನಿಂತಿತು. ಮುಂದಿನ ಬೇಸಿಗೆಯಲ್ಲಿ ಕೊಳವೆಬಾವಿಯ ಕೇಬಲ್ಲನ್ನು ಯಾರೋ ಕತ್ತರಿಸಿಕೊಂಡು ಹೋದರು. ದೂರು ಕೊಡಲು ಎಷ್ಟು ಹೇಳಿದರೂ ಆತ ಠಾಣೆಗೆ ಹೋಗಲಿಲ್ಲ. ಸಾಲ ಮಾಡಿ ಹೊಸ ಕೇಬಲ್ಲು ತಂದರು. ಪಕ್ಕದ ಎರಡು ಹೊಲಗಳಲ್ಲಿಯೂ ಅದೇ ತಿಂಗಳು ಕಳವಾಯಿತು.

ನ್ಯಾಯವಾಗಿ ಹೇಳುವುದಾದರೆ ಆ ಕಾನೆಸ್ಟೇಬಲರ ಪಕ್ಷದಲ್ಲಿಯೂ ಒಂದು ಮಾತಿದೆ. ಕತ್ತಲಲ್ಲಿ, ನಾಲ್ಕು ಜನ ನೋಡುತ್ತಿರುವಾಗ, ವಾಹನ ನಿಲ್ಲಿಸಿಕೊಂಡವನೊಬ್ಬ ಪೋಲೀಸಿನವರ ಅಂಗೈಯನ್ನು ಎರಡು ಕೈಗಳಿಂದ ಮುಚ್ಚಿ ಹಿಡಿದರೆ ನೋಡುವವರು ಏನೆಂದುಕೊಂಡಾರು? ನೋಟು ದಾಟಿತು ಎಂದುಕೊಳ್ಳುತ್ತಾರೆ. ಪ್ರಾಮಾಣಿಕನಾದವನು ಕೈ ಕೊಸರಿಕೊಳ್ಳುವುದು ಸಹಜವೇ. ಅಲ್ಲದೆ ಸಮವಸ್ತ್ರವನ್ನು ಮುಟ್ಟುವುದನ್ನು ಅವರು ಅವಮಾನವೆಂದು ತಿಳಿಯುತ್ತಾರೆ. ಆತ್ಮರಕ್ಷಣೆಯ ದೃಷ್ಟಿಯಿಂದಲೂ ಯಾರನ್ನೂ ಸೊಂಟದ ಬಳಿಗೆ ಬಿಟ್ಟುಕೊಳ್ಳಲಾರರು. ಇಷ್ಟನ್ನು ಒಪ್ಪಿಕೊಂಡರೂ, ಕೈ ಬಿಡಿಸಿಕೊಳ್ಳಲು ‘ಬಿಡಿ’ ಎಂಬ ಮಾತು ಸಾಕಾಗಿತ್ತು, ಎದೆಯ ಮೇಲೆ ಕೈಯಿಡಬೇಕಾಗಿರಲಿಲ್ಲ ಎಂಬುದೇ ನನ್ನ ಅಭಿಪ್ರಾಯ.

ಠಾಣೆಯೆಂದರೆ ಹಿಂಜರಿಯುವುದು ನಮ್ಮ ತಾಲ್ಲೂಕಿನ ಹಿರಿಯರಲ್ಲಿ ಇನ್ನಷ್ಟು ಆಳವಾಗಿತ್ತು. ೧೯೩೮ರ ಏಪ್ರಿಲ್ ೨೫ರಂದು ಗೌರಿಬಿದನೂರಿಗೆ ಸಮೀಪದ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆಂದು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೋಲೀಸರು ಗುಂಡು ಹಾರಿಸಿದರು. ಸತ್ತವರ ವಿಷಯದಲ್ಲಿ ಸರ್ಕಾರದ ಲೆಕ್ಕವೊಂದು, ಜನರ ಲೆಕ್ಕವೊಂದು. ಮೂವತ್ತೆರಡು ಎಂಬುದು ನಮ್ಮ ಕಡೆ ಬಾಯಿಂದ ಬಾಯಿಗೆ ಬಂದಿರುವ ಸಂಖ್ಯೆ. ಸ್ಮಾರಕವನ್ನು ನಮ್ಮಲ್ಲಿ ಬಹು ಮಂದಿ ನೋಡಿದ್ದೇವೆ. ಖಾಕಿಯನ್ನು ಕಂಡರೆ ಕೈಕಟ್ಟಿ ನಿಲ್ಲುವುದನ್ನೂ, ಕಣ್ಣು ಕೆಳಗೆ ಮಾಡುವುದನ್ನೂ ನಮ್ಮ ಅಜ್ಜಂದಿರು ತಮ್ಮ ಮಕ್ಕಳಿಗೆ ಕಲಿಸಿದ್ದಾರೆ. ವಿನಯವೆಂದು ಕಲಿಸಿದರೋ ಭಯದಿಂದ ಕಲಿಸಿದರೋ ಅವರೇ ಬಲ್ಲರು.

ಹೆಂಗಸರ ವಿಷಯದಲ್ಲಿ ಕಾನೂನು ನಮ್ಮ ಹಳ್ಳಿಗಳ ರೀತಿಗೆ ಹತ್ತಿರ ಬಂದಿದೆ ಎನ್ನಬಹುದು. ೨೦೦೯ರ ತಿದ್ದುಪಡಿಯ ಪ್ರಕಾರ ಹೆಂಗಸನ್ನು ದಸ್ತಗಿರಿ ಮಾಡುವಾಗ ಬಾಯಿಮಾತಿನಲ್ಲಿ ತಿಳಿಸಿದರೆ ಸಾಕು, ಆಕೆ ಒಪ್ಪಿಸಿಕೊಂಡಳೆಂದೇ ಭಾವಿಸಬೇಕು; ಸಂದರ್ಭ ಅನಿವಾರ್ಯವಾದ ಹೊರತು ಗಂಡು ಪೋಲೀಸಿನವರು ಆಕೆಯ ಮೈ ಮುಟ್ಟಕೂಡದು. ಅದಕ್ಕಿಂತ ಮೊದಲೇ, ೨೦೦೫ರ ತಿದ್ದುಪಡಿಯಲ್ಲಿ, ಸೂರ್ಯಾಸ್ತದಿಂದ ಸೂರ್ಯೋದಯದ ವರೆಗೆ ಹೆಂಗಸನ್ನು ದಸ್ತಗಿರಿ ಮಾಡಬಾರದೆಂದೂ, ವಿಶೇಷ ಸಂದರ್ಭವಿದ್ದರೆ ಮಹಿಳಾ ಅಧಿಕಾರಿಯು ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಾಡಬೇಕೆಂದೂ ಸೇರಿಸಿದ್ದರು. ಮೈ ತಪಾಸಣೆಯನ್ನು ಹೆಂಗಸೇ, ಮರ್ಯಾದೆಗೆ ಕುಂದು ಬಾರದಂತೆ ಮಾಡಬೇಕು. ವಿಚಾರಣೆಗೆ ಹೆಂಗಸನ್ನು ಠಾಣೆಗೆ ಕರೆಸುವಂತಿಲ್ಲ. ಆಕೆಯ ಮನೆಗೇ ಹೋಗಬೇಕು. ಈ ಎಲ್ಲ ನಿಯಮಗಳೂ ಈಗಿನ ಸಂಹಿತೆಯಲ್ಲಿ ಮುಂದುವರಿದಿವೆ. ನಮ್ಮ ತರಗತಿಯ ಹೆಣ್ಣುಮಕ್ಕಳನ್ನು ಕೇಳಿದಾಗ ಇವುಗಳಲ್ಲಿ ಒಂದನ್ನು ಬಲ್ಲವರು ಇಬ್ಬರಿದ್ದರು, ಎಲ್ಲವನ್ನೂ ಬಲ್ಲವರು ಯಾರೂ ಇರಲಿಲ್ಲ.

ಕೈಕೋಳದ ವಿಚಾರವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಏಕೆಂದರೆ ಅದು ಪೋಲೀಸಿನವರ ಕೈ ಇಲ್ಲದಾಗಲೂ ಮೈ ಮೇಲಿರುವ ಕೈ. ಅದನ್ನು ಹಾಕುವುದೇ ವಾಡಿಕೆಯಾಗಬಾರದೆಂದು ಸುಪ್ರೀಂ ಕೋರ್ಟು ೧೯೮೦ರಲ್ಲಿಯೇ ಹೇಳಿತ್ತು. ಆದರೂ ನಮ್ಮ ರಾಜ್ಯದ ಬೆಳಗಾವಿ ಜಿಲ್ಲೆಯಲ್ಲಿ ೨೦೧೯ರಲ್ಲಿ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಕೈಕೋಳ ಹಾಕಿ ರಸ್ತೆಯಲ್ಲಿ ನಡೆಸಿಕೊಂಡು ಹೋದರು. ಆತ ಹೈಕೋರ್ಟಿಗೆ ಹೋದ. ೨೦೨೨ರ ಜೂನ್ ತಿಂಗಳಲ್ಲಿ ಧಾರವಾಡ ಪೀಠವು ಆತನಿಗೆ ಎರಡು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಹೊಸ ಸಂಹಿತೆಯು ಕೆಲವು ಘೋರ ಅಪರಾಧಗಳಲ್ಲಿಯೂ, ಪದೇ ಪದೇ ಅಪರಾಧ ಮಾಡುವವರ ಮತ್ತು ತಪ್ಪಿಸಿಕೊಂಡು ಹೋದವರ ವಿಷಯದಲ್ಲಿಯೂ ಕೈಕೋಳಕ್ಕೆ ಅವಕಾಶ ಕೊಟ್ಟಿದೆ. ಇಸ್ಪೀಟಾಟದ ಹುಡುಗರು ಆ ಪಟ್ಟಿಯಲ್ಲಿಲ್ಲ.

ಹೊರದೇಶಕ್ಕೆ ಹೋದವರ ಪಾಡು ಬೇರೊಂದು ಬಗೆಯದು. ಈಗ ನಮ್ಮ ಹೋಬಳಿಯಿಂದಲೂ ಮಕ್ಕಳು ಅಮೆರಿಕಕ್ಕೆ ಹೋಗಿದ್ದಾರೆ. ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದೋ ತಂದೆತಾಯಿಗಳೂ ಹೋಗುತ್ತಾರೆ. ಹೀಗೆಯೇ ಗುಜರಾತಿನಿಂದ ಮಗನ ಮನೆಗೆ ಹೋಗಿದ್ದ ೫೭ ವರ್ಷದ ತಾತ ಒಬ್ಬರು ೨೦೧೫ರ ಫೆಬ್ರುವರಿ ೬ರ ಬೆಳಿಗ್ಗೆ ಅಲಬಾಮಾ ರಾಜ್ಯದ ಮ್ಯಾಡಿಸನ್ ಊರಿನ ಬೀದಿಯಲ್ಲಿ ಸುಮ್ಮನೆ ನಡೆಯುತ್ತಿದ್ದರು. ಅಪರಿಚಿತನೊಬ್ಬ ಮನೆಗಳನ್ನು ನೋಡುತ್ತ ತಿರುಗುತ್ತಿದ್ದಾನೆಂದು ಯಾರೋ ಪೋಲೀಸಿಗೆ ಫೋನು ಮಾಡಿದರು. ಪೋಲೀಸಿನವರು ಬಂದು ಪ್ರಶ್ನಿಸಿದಾಗ, ಇಂಗ್ಲಿಷ್ ಬಾರದು, ಇಂಡಿಯಾ ಎಂಬಷ್ಟನ್ನೇ ಅವರು ಹೇಳಬಲ್ಲವರಾಗಿದ್ದರು. ಮೈ ತಡಕಿ ನೋಡಲೆಂದು ಕೈಗಳನ್ನು ಹಿಂದಕ್ಕೆ ಹಿಡಿದುಕೊಂಡಿದ್ದ ಅಧಿಕಾರಿಯು ಅವರನ್ನು ನೆಲಕ್ಕೆ ಕೆಡವಿದ. ಕತ್ತಿನ ಬಳಿ ಬೆನ್ನುಹುರಿಗೆ ಪೆಟ್ಟಾಗಿ ಅವರ ಕೈಕಾಲುಗಳ ಶಕ್ತಿ ಕುಂದಿತು. ಅವರು ಕೊಸರಿಕೊಂಡರು ಎಂದು ಅಧಿಕಾರಿಯ ವಾದ. ಎರಡು ಸಲ ವಿಚಾರಣೆ ನಡೆದರೂ ಜ್ಯೂರಿಯವರಲ್ಲಿ ಒಮ್ಮತ ಬರಲಿಲ್ಲ. ೨೦೧೬ರ ಜನವರಿಯಲ್ಲಿ ನ್ಯಾಯಾಧೀಶರು ಅಧಿಕಾರಿಯನ್ನು ಬಿಡುಗಡೆ ಮಾಡಿದರು. ಹಿಂದಿನಿಂದ ಯಾರಾದರೂ ಕೈ ಹಿಡಿದರೆ ತಿರುಗಿ ನೋಡುವುದು ಮನುಷ್ಯಸ್ವಭಾವ. ಆ ಒಂದು ಚಲನೆಯನ್ನು ಒಬ್ಬರು ಗಾಬರಿಯೆಂದು ಓದುತ್ತಾರೆ, ಇನ್ನೊಬ್ಬರು ಪ್ರತಿಭಟನೆಯೆಂದು ಓದುತ್ತಾರೆ.

ಟೆಕ್ಸಾಸಿನಲ್ಲಿರುವ ನನ್ನ ಸೋದರತ್ತೆಯ ಮಗ ತನ್ನ ತಾಯಿಯನ್ನು ಕರೆಸಿಕೊಂಡಾಗ ಮೊದಲು ಹೇಳಿಕೊಟ್ಟ ಪಾಠ ಇದೇ. ನಮ್ಮಲ್ಲಿ ಪೋಲೀಸಿನವರು ವಾಹನ ನಿಲ್ಲಿಸಿದರೆ ಇಳಿದು, ಕಾಗದಪತ್ರ ಹಿಡಿದು, ಅವರಿದ್ದಲ್ಲಿಗೆ ನಡೆದು ಹೋಗುವುದು ಮರ್ಯಾದೆ. ಕುಳಿತೇ ಇದ್ದರೆ ‘ಇಳಿಯೋದಕ್ಕೆ ಆಗಲ್ವೇನಯ್ಯಾ’ ಎನ್ನುತ್ತಾರೆ. ಅಲ್ಲಿ ಇಳಿದು ಅವರ ಕಡೆ ನಡೆದರೆ ಅದೇ ಅಪಾಯ. ಕಾರಿನೊಳಗೇ ಕುಳಿತು, ಎರಡು ಕೈಗಳನ್ನೂ ಕಾಣುವಂತೆ ಸ್ಟಿಯರಿಂಗಿನ ಮೇಲಿಟ್ಟು, ಕೇಳಿದ ಮೇಲೆ ‘ಲೈಸೆನ್ಸು ಜೇಬಿನಲ್ಲಿದೆ, ತೆಗೆಯಲೆ?’ ಎಂದು ಹೇಳಿಯೇ ತೆಗೆಯಬೇಕು. ತೋಳು ಹಿಡಿಯುವುದಂತೂ ಕೂಡದು.

“ಅಂಗಾದ್ರೆ ಕೈ ಮುಗಿದ್ರೂ ತಪ್ಪೇನಪ್ಪಾ?” ಎಂದು ಅತ್ತೆ ಕೇಳಿದರಂತೆ.

“ಇಲ್ಲಮ್ಮ, ಅದು ಒಳ್ಳೇದೇ. ಎರಡು ಕೈಯೂ ಎದುರಿಗೆ ಕಾಣುತ್ತೆ,” ಎಂದನಂತೆ ಮಗ.

ಇದು ಹಾಸ್ಯವಾಗಿ ತೋರಿದರೂ ಯೋಚಿಸತಕ್ಕ ಮಾತು. ಕೈ ಮುಗಿಯುವಾಗ ಯಾರೂ ಯಾರನ್ನೂ ಮುಟ್ಟುವುದಿಲ್ಲ, ಏನನ್ನೂ ಮರೆಮಾಡುವುದಿಲ್ಲ. ಚಿಕ್ಕಪ್ಪನವರು ಅಂದು ದೂರದಿಂದಲೇ ಕೈ ಮುಗಿದಿದ್ದರೆ ನೋಟಿನ ಅನುಮಾನವೂ ಬರುತ್ತಿರಲಿಲ್ಲ. ಆದರೆ ಜ್ವರದ ಮಗುವನ್ನು ಹಿಂದೆ ಕೂರಿಸಿಕೊಂಡವರಿಗೆ ಇಷ್ಟೆಲ್ಲ ಲೆಕ್ಕ ಹಾಕಿ ನಡೆಯಿರಿ ಎಂದು ಹೇಳಲು ನನಗೆ ಮನಸ್ಸು ಬಾರದು. ಸಮವಸ್ತ್ರ ತೊಟ್ಟವರಿಗೆ ತರಬೇತಿಯಿದೆ, ಸಂಬಳವಿ​ದೆ. ಕೈಯ ಭಾಷೆಯನ್ನು ಮೊದಲು ಕಲಿಯಬೇಕಾದವರು ಅವರು. ಹೊಸ ಜಾಗಕ್ಕೆ ವರ್ಗವಾಗಿ ಬಂದ ಅಧಿಕಾರಿಗೆ ಆ ಸೀಮೆಯ ಹೆಡ್ ಕಾನೆಸ್ಟೇಬಲರೊಬ್ಬರು ಒಂದು ವಾರ ಇದನ್ನು ಹೇಳಿಕೊಟ್ಟರೂ ಸಾಕು.

ಕೊನೆಗೆ, ದಸ್ತಗಿರಿಯೇ ಆಯಿತೆನ್ನಿ. ಆಗ ಏನೇನು ನಡೆಯಬೇಕೆಂಬುದನ್ನು ಸುಪ್ರೀಂ ಕೋರ್ಟು ೧೯೯೬ರ ಡಿಸೆಂಬರಿನಲ್ಲಿ ಡಿ. ಕೆ. ಬಸು ಅವರ ಮೊಕದ್ದಮೆಯಲ್ಲಿ ವಿಧಿಸಿತು. ಅವುಗಳಲ್ಲಿ ಮುಖ್ಯವಾದವು ಈಗ ಸಂಹಿತೆಯಲ್ಲಿಯೇ ಸೇರಿವೆ. ಹಿಡಿಯುವ ಅಧಿಕಾರಿಯ ಹೆಸರು ಎದೆಯ ಮೇಲೆ ಸ್ಪಷ್ಟವಾಗಿ ಕಾಣುತ್ತಿರಬೇಕು. ಕಾರಣವನ್ನು ಹೇಳಬೇಕು. ನೆಂಟರಿಗೋ ಸ್ನೇಹಿತರಿಗೋ ಸುದ್ದಿ ಮುಟ್ಟಿಸಬೇಕು. ಪ್ರಯಾಣದ ಕಾಲ ಬಿಟ್ಟು ಇಪ್ಪತ್ತನಾಲ್ಕು ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರೆದುರಿಗೆ ಹಾಜರುಪಡಿಸಬೇಕು. ಹಿಡಿದ ಸ್ಥಳದಲ್ಲಿಯೇ ದಸ್ತಗಿರಿಯ ಪತ್ರವೊಂದನ್ನು ಬರೆದು, ಅದಕ್ಕೆ ಮನೆಯವರೊಬ್ಬರ ಅಥವಾ ಆ ಊರಿನ ಗೌರವಸ್ಥರೊಬ್ಬರ ಸಾಕ್ಷಿ ಹಾಕಿಸಬೇಕು. ಗೌರವಸ್ಥರೆಂದರೆ ಪಟೇಲರ ಮನೆಯವರೇ ಆಗಬೇಕೆಂದು ಎಲ್ಲಿಯೂ ಬರೆದಿಲ್ಲ. ಹಿಡಿಯಲ್ಪಟ್ಟವನೂ ಆ ಪತ್ರಕ್ಕೆ ರುಜು ಮಾಡಬೇಕು. ಓದುಬರಹ ಬಾರದವನಾದರೆ ಹೆಬ್ಬೆಟ್ಟು. ಸಾಮಾನ್ಯವಾಗಿ ಕಾನೆಸ್ಟೇಬಲೇ ಆ ಹೆಬ್ಬೆರಳನ್ನು ತನ್ನ ಕೈಯಲ್ಲಿ ಹಿಡಿದು, ಮಸಿಗೆ ಒತ್ತಿ, ಕಾಗದದ ಮೇಲೆ ಉರುಳಿಸುತ್ತಾನೆ. ಪಕ್ಕದಲ್ಲಿ ಓದು ಬಲ್ಲವರೊಬ್ಬರಿದ್ದು, ಅದರಲ್ಲಿ ಬರೆದ ಹೊತ್ತು ಎಷ್ಟು, ಸ್ಥಳ ಯಾವುದು ಎಂಬುದನ್ನು ಆ ಬೆರಳು ಕಾಗದಕ್ಕೆ ತಗಲುವ ಮೊದಲೇ ಗಟ್ಟಿಯಾಗಿ ಓದಿ ಹೇಳಬಹುದು. ಬಿ.ಎ. ತರಗತಿಯ ವಿದ್ಯಾರ್ಥಿಗೆ ಇದು ಕಷ್ಟದ ಕೆಲಸವೇನಲ್ಲ.